ಹೊಂಗೆ ಮರದ ಬೆಂಚು, ಹನ್ನೊಂದು ದಿನದ ನೋಟೀಸು

ಚಿಕ್ಕಬಾಣಾವರ
12 ಜೂನ್ 2024

ಯಂತ್ರೋದಯ ನಗರ ನಿವಾಸಿಗಳ ಸಂಘದ ಅಧ್ಯಕ್ಷರಾದ ಪಟ್ಟಾಭಿರಾಮ ಅವರಿಗೆ,

ನಿನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ಕನ್ನಡಕದ ಮೇಲಿನಿಂದ ನೋಡಿ, "ಏನಿದ್ರೂ ಬರವಣಿಗೆಯಲ್ಲಿ ಕೊಡಮ್ಮಾ, ಬಾಯಿಮಾತಿನ ದೂರು ನಾವು ತಗೊಳಲ್ಲ" ಅಂದಿರಿ. ತಗೊಳ್ಳಿ, ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ಅಂಚೆಯಲ್ಲಿ, ರಿಜಿಸ್ಟರ್ ಮಾಡಿ.

ನಾನು ವೇಣಿ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ಮೂವತ್ತೈದು ವರ್ಷದಿಂದ ನಿಮ್ಮ ಬಡಾವಣೆಯ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರೆರೆಯುತ್ತಿರುವ ಮುನಿಯಕ್ಕ ನನ್ನ ಅಜ್ಜಿ. ನಾನು ಬೆಳಗಿನ ಶಿಫ್ಟಿಗೆ ಹೋದರೆ ನನ್ನ ಏಳು ತಿಂಗಳ ಮಗಳು ಅಜ್ಜಿಯ ಸೊಂಟದ ಮೇಲೆ ನಿಮ್ಮ ಬೀದಿಗಳಲ್ಲೇ ಬೆಳೆಯುತ್ತಾಳೆ. ಎರಡಕ್ಕೆ ಶಿಫ್ಟು ಮುಗಿಸಿ, ಎರಡೂ ಮುಕ್ಕಾಲಿಗೆ ನಿಮ್ಮ ಗೇಟಿನ ಮುಂದೆ ಬಸ್ಸಿಳಿಯುವಷ್ಟರಲ್ಲಿ ನನ್ನ ಎದೆ ಕಲ್ಲಾಗಿರುತ್ತದೆ. ರವಿಕೆ ಒದ್ದೆಯಾಗಿರುತ್ತದೆ. ಮಗು ನನ್ನ ದನಿ ಕೇಳಿದರೆ ಸಾಕು, ಆಕಾಶ ಭೂಮಿ ಒಂದು ಮಾಡುತ್ತದೆ. ಪಾರ್ಕಿನ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂತು, ಸೆರಗು ಹೊದ್ದು, ಹದಿನೈದು ನಿಮಿಷ ಹಾಲು ಕುಡಿಸಿ ಮನೆಗೆ ಹೋಗುತ್ತಿದ್ದೆ. ಅಷ್ಟೇ ನಾನು ಮಾಡಿದ ಘನ ಅಪರಾಧ.

ಮೇ 31ರಂದು ನಿಮ್ಮ ಕಾರ್ಯದರ್ಶಿ ಸುಧೀಂದ್ರ ಹಿಂದಿನಿಂದ ಬಂದು ಫೋಟೋ ತೆಗೆದುಕೊಂಡರು. ಆಮೇಲೆ ವಾಚ್‌ಮನ್ ಆಂಜಿನಪ್ಪನನ್ನು ಕಳಿಸಿದರು. ಪಾಪ, ಅವನು ಬೇರೆಲ್ಲೋ ನೋಡುತ್ತಾ, "ಏಳವ್ವಾ, ಸಾಯೇಬ್ರು ಬೈತಾವ್ರೆ" ಅಂದ. ಮಗು ಇನ್ನೂ ಕುಡಿಯುತ್ತಿತ್ತು. ಬಾಯಿ ಬಿಡಿಸಿ ಎದ್ದೆ. ಅದು ಚೀರಿದ್ದು ನಿಮ್ಮ ಕಚೇರಿಯವರೆಗೂ ಕೇಳಿರಬೇಕು.

ಮರುದಿನ ಬೋರ್ಡಿನ ಮೇಲೆ ಆ ಫೋಟೋ, ಕೆಳಗೆ ನಿಮ್ಮ ಸಹಿ, ಸೀಲು. "ಉದ್ಯಾನದಲ್ಲಿ ಅಸಭ್ಯ ವರ್ತನೆ ಸಲ್ಲದು. ಇಂಥ ದೃಶ್ಯ ಕಂಡವರು ಚಿತ್ರ ತೆಗೆದು ಈ ನಂಬರಿಗೆ ಕಳುಹಿಸಿ." ಹನ್ನೊಂದು ದಿನ ಇತ್ತು ಅದು. ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ವೈಟ್‌ಫೀಲ್ಡಿನಲ್ಲಿ ಕ್ಯಾಬ್ ಓಡಿಸುವ ನನ್ನ ಗಂಡ ಅಂಬರೀಶನ ಫೋನಿಗೂ ಬಂತು. "ಏಯ್ ಮಗಾ, ಇದು ನಿಮ್ಮೋಳ ಬ್ಯಾಗ್ ಅಲ್ವಾ?" ಅಂತ ಡ್ರೈವರುಗಳು ಕೇಳಿದರಂತೆ. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅತ್ತೆ, "ಬಾಟ್ಲಿ ಆಲು ಆಕು, ಮಾನ ಉಳೀಲಿ" ಅಂದರು.

ನನ್ನ ಬೇಡಿಕೆ ಒಂದೇ. ಅದೇ ಬೋರ್ಡಿನ ಮೇಲೆ, ಅದೇ ಜಾಗದಲ್ಲಿ, ಹನ್ನೊಂದು ದಿನ, ನಿಮ್ಮ ಕೈಬರಹದಲ್ಲಿ, ನನ್ನ ಹೆಸರು ಹಿಡಿದು ಕ್ಷಮೆ ಕೇಳಿ. ಒಂದು ದಿನ ಕಡಿಮೆಯಾದರೂ ನಾನು ಒಪ್ಪುವವಳಲ್ಲ.

ವೇಣಿ

~

ಯಂತ್ರೋದಯ ನಗರ
ಪತ್ರ ಸಂಖ್ಯೆ: 31/2024-25
17 ಜೂನ್ 2024

ಶ್ರೀಮತಿ ವೇಣಿ ಅವರಿಗೆ,

ತಮ್ಮ 12ನೇ ತಾರೀಖಿನ ಪತ್ರ ತಲುಪಿದೆ. ಅದರ ಭಾಷೆ ಸಂಘದ ಘನತೆಗೆ ತಕ್ಕುದಲ್ಲವಾದರೂ ಉತ್ತರಿಸುವುದು ನನ್ನ ಕರ್ತವ್ಯ.

ಒಂದನೆಯದಾಗಿ, ಉದ್ಯಾನವು ಸದಸ್ಯರ ಉಪಯೋಗಕ್ಕಾಗಿ ಇರುವಂಥದ್ದು, ತಾವು ಸದಸ್ಯರಲ್ಲ. ಎರಡನೆಯದಾಗಿ, ಚಿತ್ರವು ಹಿಂಬದಿಯಿಂದ ತೆಗೆದದ್ದು. ತಮ್ಮ ಮುಖ ಕಾಣುವುದಿಲ್ಲವೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ನಾನು ಸ್ವತಃ ಆ ಚಿತ್ರವನ್ನು ನೋಡಲಿಲ್ಲ. ಅಂಥದ್ದನ್ನು ದಿಟ್ಟಿಸಿ ನೋಡುವುದು ನನ್ನ ಸಂಸ್ಕಾರವಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಸಹಿ ಹಾಕಿದ್ದೇನೆ. ಮೂವತ್ತನಾಲ್ಕು ವರ್ಷ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿದ್ದು ಮುಖ್ಯಸ್ಥನಾಗಿ ನಿವೃತ್ತನಾದವನು ನಾನು. ಶಿಸ್ತು ಎಂದರೇನು ಎಂಬುದು ನನಗೆ ಗೊತ್ತು.

ತಾಯ್ತನದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪ್ರತಿಯೊಂದಕ್ಕೂ ಒಂದು ಸ್ಥಳವಿದೆ. ತಾವು ನನ್ನ ಮಗಳ ವಯಸ್ಸಿನವರಾದ್ದರಿಂದ ತಿಳಿಹೇಳುತ್ತಿದ್ದೇನೆ. ಈ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಪಟ್ಟಾಭಿರಾಮ
ಅಧ್ಯಕ್ಷ

~

ಚಿಕ್ಕಬಾಣಾವರ
20 ಜೂನ್ 2024

ಅಧ್ಯಕ್ಷರೇ,

ಓಹೋ, ತಪಾಸಣಾ ವಿಭಾಗದವರಾ! ಹಾಗಾದರೆ ನಮ್ಮಿಬ್ಬರದೂ ಒಂದೇ ಕಸುಬು. ಬಿಡಿಸಿ ಹೇಳುವ ಕಷ್ಟ ತಪ್ಪಿತು.

ಅಳತೆಗೆ ಬಾರದ ಪೀಸಿಗೆ ನಾವು ಏನು ಮಾಡುತ್ತೇವೆ? ಕೆಂಪು ಚೀಟಿ ಬರೆದು ತಂತಿಯಲ್ಲಿ ಕಟ್ಟಿ ಪಕ್ಕಕ್ಕೆ ಎಸೆಯುತ್ತೇವೆ. ನಿಮ್ಮ ಪತ್ರಕ್ಕೂ ಒಂದು ಕಟ್ಟಿದ್ದೇನೆ, ಜೊತೆಗಿದೆ. ಕಾಣದಿದ್ದರೆ ಓದಿ ಹೇಳುತ್ತೇನೆ.

ವಸ್ತು: ಅಧ್ಯಕ್ಷರ ಪತ್ರ, ಸಂಖ್ಯೆ 31. ದೋಷ: ಪೀಸನ್ನು ನೋಡದೆಯೇ ಸೀಲು ಹೊಡೆಯಲಾಗಿದೆ. ತೀರ್ಮಾನ: ಸರಿಪಡಿಸಲು ಬಾರದು, ಗುಜರಿಗೆ. ಪರೀಕ್ಷಿಸಿದವರು: ವೇಣಿ.

ಇಂಥದ್ದೇ ಇನ್ನೊಂದು ಚೀಟಿ ನಿಮ್ಮ ಮನೆಯ ಗೇಟಿಗೂ ಕಟ್ಟಿಸಿದ್ದೇನೆ. ಇಷ್ಟೊತ್ತಿಗೆ ವಾಕಿಂಗ್ ಹೋಗುವವರೆಲ್ಲ ಓದಿರುತ್ತಾರೆ. ನೋಡದೆ ಸಹಿ ಹಾಕಿದ್ದನ್ನು ಸಂಸ್ಕಾರ ಅನ್ನುತ್ತೀರಲ್ಲ, ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ಮಾಡಿದರೆ ಆವತ್ತೇ ಮನೆಗೆ ಕಳಿಸುತ್ತಾರೆ.

ಇನ್ನು ಸದಸ್ಯರ ಮಾತು. ಬಡಾವಣೆಗೂ ಮೊದಲು, ಅಲ್ಲಿ ಹೊಲವಿದ್ದಾಗ, ಆ ಹೊಂಗೆ ಮರ ನೆಟ್ಟಿದ್ದು ನಮ್ಮ ತಾತ. ಅದರ ಬುಡದಲ್ಲಿ ಅಜ್ಜಿ ರಾಗಿ ಕೊಯ್ಯುವ ದಿನ ನಮ್ಮಪ್ಪನಿಗೆ ಹಾಲು ಕುಡಿಸುತ್ತಿದ್ದಳಂತೆ. ಆಗ ಸಂಘವೂ ಇರಲಿಲ್ಲ, ಸೀಲೂ ಇರಲಿಲ್ಲ, ನಾಚಿಕೆ ಪಡುವ ಗಂಡಸರೂ ಇರಲಿಲ್ಲ.

ಈಗ ನಾನು ಆ ಸ್ಟಾಪಿನಲ್ಲಿ ಇಳಿಯುವುದಿಲ್ಲ. ಅಜ್ಜಿ ಮಧ್ಯಾಹ್ನವೇ ಮಗುವನ್ನು ಮನೆಗೆ ಕರೆದುಕೊಂಡು ಹೋಗಿರುತ್ತಾಳೆ. ಬಸ್ಸು ನಿಮ್ಮ ಗೇಟು ದಾಟುವ ಹೊತ್ತಿಗೆ ಸರಿಯಾಗಿ ಹಾಲಿಳಿಯುತ್ತದೆ, ಊಟದ ಬ್ಯಾಗನ್ನು ಎದೆಗೆ ಒತ್ತಿಕೊಂಡು ಕೂರುತ್ತೇನೆ. ಆ ಅರ್ಧ ಗಂಟೆ ದಿನಾ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ. ಒಳ್ಳೆಯ ಮಾತಿನಿಂದಲ್ಲ.

ಹನ್ನೊಂದು ದಿನ. ಬೋರ್ಡಿನ ಮೇಲೆ.

ವೇಣಿ

~

ಯಂತ್ರೋದಯ ನಗರ
ಪತ್ರ ಸಂಖ್ಯೆ: 38/2024-25
4 ಜುಲೈ 2024

ಶ್ರೀಮತಿ ವೇಣಿ ಅವರಿಗೆ,

ನನ್ನ ಗೇಟಿಗೆ ಕಟ್ಟಿದ ಚೀಟಿಯನ್ನು ಸಾಕ್ಷ್ಯವಾಗಿ ಕಡತದಲ್ಲಿ ಇರಿಸಲಾಗಿದೆ. ಇಂಥ ಉದ್ಧಟತನ ಮುಂದುವರಿದಲ್ಲಿ ಪೊಲೀಸರಿಗೆ ದೂರು ನೀಡಬೇಕಾದೀತು. ಹಾಲು ತರುವವನು ಸಹ ಅದನ್ನು ಓದಿ ನಕ್ಕಿದ್ದಾನೆ.

ಈಗ ಹೇಳುವುದು ಸಂಪೂರ್ಣ ಪ್ರತ್ಯೇಕ ವಿಷಯ; ಮೇಲಿನದಕ್ಕೆ ಸಂಬಂಧಿಸಿದ್ದಲ್ಲ. ನನ್ನ ಮಗಳು ಪ್ರಿಯಂವದಾ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಳೆ. ಈ ತಿಂಗಳ ಕೊನೆಯಲ್ಲಿ ಹೆರಿಗೆ. ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ನನ್ನ ಪತ್ನಿ ಸತ್ಯವತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಎರಡು ತಿಂಗಳು ನೀರೆರೆಯಲು ಬರಬೇಕೆಂದು ಮುನಿಯಕ್ಕನಿಗೆ ಹೇಳಿಕಳಿಸಿದೆ. ಬರುವುದಿಲ್ಲವೆಂದು ಉತ್ತರ ಬಂತು. ಭದ್ರಮ್ಮ, ಲಕ್ಷ್ಮಮ್ಮ ಇಬ್ಬರೂ ಅದನ್ನೇ ಹೇಳುತ್ತಾರೆ. ಇದರಲ್ಲಿ ತಮ್ಮ ಪಾತ್ರವೇನಾದರೂ ಇದ್ದಲ್ಲಿ ಅದು ಸರಿಯಲ್ಲವೆಂದು ತಿಳಿಸಬಯಸುತ್ತೇನೆ.

ಪಟ್ಟಾಭಿರಾಮ
ಅಧ್ಯಕ್ಷ

~

ಚಿಕ್ಕಬಾಣಾವರ
8 ಜುಲೈ 2024

ಅಧ್ಯಕ್ಷರೇ,

ಪಾತ್ರ ಏನು ಬಂತು, ಕಥೆಯೆಲ್ಲ ನನ್ನದೇ! ಭದ್ರಮ್ಮ, ಲಕ್ಷ್ಮಮ್ಮ ಇಬ್ಬರಿಗೂ ಕೂಸು ಹಿಡಿಯುವುದನ್ನು ಕಲಿಸಿದ್ದು ನಮ್ಮಜ್ಜಿ. ಅವಳು ಬೇಡ ಅಂದ ಮನೆಯ ಹಂಡೆಗೆ ಈ ಸುತ್ತಿನಲ್ಲಿ ಒಬ್ಬರೂ ಕೈ ಹಾಕುವುದಿಲ್ಲ. ಅಜ್ಜಿಯನ್ನು ಒಪ್ಪಿಸುವುದಕ್ಕೆ ನಾನು ಮೂರು ದಿನ ಅತ್ತೆ, ಒಂದು ದಿನ ಊಟ ಬಿಟ್ಟೆ. ಕೊನೆಗೆ, "ಆಯ್ತು ಬುಡವ್ವಾ, ಓಗಲ್ಲ" ಅಂದಳು.

ನಿಮ್ಮ ಮಗಳು ಹುಟ್ಟಿದಾಗ ಕಾಲ ಮೇಲೆ ಮಲಗಿಸಿಕೊಂಡು ಎರೆದದ್ದು ಇದೇ ಮುನಿಯಕ್ಕ. ನೆನಪಿದೆಯಾ? ಅವಳ ಮೊಮ್ಮಗಳನ್ನೇ ನೀವು ಬೋರ್ಡಿಗೆ ಅಂಟಿಸಿದ್ದು. ಆವತ್ತು ಕೆಲಸ ಮುಗಿಸಿ ಹೊರಟವಳು ಬೋರ್ಡಿನ ಮುಂದೆ ನಿಂತು, ಓದು ಬಾರದೆ, ಆಂಜಿನಪ್ಪನನ್ನು, "ಏನಪ್ಪಾ ಬರ್ದೈತೆ, ನಮ್ ಕೂಸಿನ್ ಪಟ ಆಕವ್ರಲ್ಲ?" ಅಂತ ಕೇಳಿದಳಂತೆ. ಬಹುಮಾನ ಬಂದಿದೆ ಅಂದುಕೊಂಡಿದ್ದಳು. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಿಮ್ಮ ಶಿಸ್ತನ್ನು ಕಾಯಿಸಿ, ನಿಮ್ಮ ಸಂಸ್ಕಾರದಲ್ಲಿ ನೀವೇ ಎರೆದುಕೊಳ್ಳಿ. ಎಲ್ಲಕ್ಕೂ ಒಂದು ಸ್ಥಳವಿದೆ ಅಂದಿರಲ್ಲ. ಬಚ್ಚಲು ಎಲ್ಲಿದೆ ಅಂತ ನಿಮಗೆ ಗೊತ್ತಿರಬೇಕು.

ವೇಣಿ

~

ಯಂತ್ರೋದಯ ನಗರ
ಪತ್ರ ಸಂಖ್ಯೆ: 44/2024-25
7 ಆಗಸ್ಟ್ 2024

ಶ್ರೀಮತಿ ವೇಣಿ ಅವರಿಗೆ,

ಜುಲೈ 24ರಂದು ಪ್ರಿಯಂವದಾಗೆ ಗಂಡು ಮಗುವಾಯಿತು. ಮೂರು ದಿನದ ನಂತರ ಇಲ್ಲಿಗೆ ಬಂದಿದ್ದಾಳೆ. ಅಳಿಯ ಶನಿವಾರ ಭಾನುವಾರ ಬಂದು ಹೋಗುತ್ತಾರೆ.

ಸಂಘದ ಪರವಾಗಿ ಒಂದು ಪರಿಹಾರ ಸೂಚಿಸುತ್ತಿದ್ದೇನೆ. ಉದ್ಯಾನದ ಹಿಂದಿರುವ ಹಳೆಯ ಪಂಪ್ ಕೊಠಡಿಗೆ ಸುಣ್ಣ ಬಳಿಸಿ, ಒಂದು ಕುರ್ಚಿ, ಒಂದು ಪರದೆ ಹಾಕಿಸಿಕೊಡುತ್ತೇವೆ. ತಾವು ಸದಸ್ಯರಲ್ಲದಿದ್ದರೂ ಅಲ್ಲಿ ಮಗುವಿಗೆ ಹಾಲುಣಿಸಬಹುದು. ಇದಲ್ಲದೆ, ತಮ್ಮ ಮನಸ್ಸಿಗೆ ನೋವಾಗಿದ್ದರೆ ಈ ಪತ್ರದ ಮೂಲಕ, ಖಾಸಗಿಯಾಗಿ, ವಿಷಾದಿಸುತ್ತೇನೆ. ಬೋರ್ಡಿನ ಮೇಲೆ ಬರೆಯುವುದು ಅಧ್ಯಕ್ಷ ಸ್ಥಾನಕ್ಕೆ ಶೋಭಿಸುವುದಿಲ್ಲ.

ಮಗುವಿಗೆ ಎರಡು ದಿನಕ್ಕೊಮ್ಮೆ ಅಳಿಯನ ತಾಯಿ ಫೋನಿನಲ್ಲಿ ಹೇಳಿದಂತೆ ಸ್ನಾನವಾಗುತ್ತಿದೆ. ಪ್ರಿಯಂವದಾಗೆ ಹಾಲು ಸರಿಯಾಗಿ ಬರುತ್ತಿಲ್ಲವೋ, ಮಗು ಸರಿಯಾಗಿ ಹಿಡಿಯುತ್ತಿಲ್ಲವೋ ತಿಳಿಯದು. ಇಬ್ಬರೂ ಅಳುತ್ತಾರೆ. ನಾನು ಇದನ್ನೆಲ್ಲ ಕೇಳುವಂತಿಲ್ಲ. ಬೆಳಗಿನ ಬಿಸಿಲು ಆರೋಗ್ಯಕ್ಕೆ ಒಳ್ಳೆಯದೆಂದು ಈಚೆಗೆ ಹೊರಗೆ ಹೆಚ್ಚು ಹೊತ್ತು ಕಳೆಯುತ್ತಿದ್ದೇನೆ.

ಪಟ್ಟಾಭಿರಾಮ

~

ಚಿಕ್ಕಬಾಣಾವರ
10 ಆಗಸ್ಟ್ 2024

ಅಧ್ಯಕ್ಷರೇ,

ಬೆಳಗಿನ ಬಿಸಿಲಾ? ಯಾರಿಗೆ ಹೇಳುತ್ತೀರಿ ಸ್ವಾಮಿ! ಈ ವಾರ ನನಗೆ ಎರಡನೇ ಶಿಫ್ಟು. ಮಧ್ಯಾಹ್ನ ಒಂದು ಗಂಟೆಗೆ ಬಸ್ಸಿನಿಂದ ದಿನಾ ನೋಡುತ್ತೇನೆ. ಹೊಂಗೆ ಮರದ ಬೆಂಚಿನ ಮೇಲೆ, ಪೇಪರು ಮಡಿಲಲ್ಲಿಟ್ಟುಕೊಂಡು, ಓದದೆ ಕೂತಿರುತ್ತೀರಿ. ಮಗಳು ಮೊಮ್ಮಗನಿಗೆ ಹಾಲು ಕುಡಿಸುವಾಗ ಮನೆಯಲ್ಲಿರಲು ನಾಚಿಕೆ, ಅದಕ್ಕೆ ಹೊರಗೆ ಬಂದು ಕೂರುತ್ತೀರಿ, ಹೌದಾ? ಸ್ವಂತ ಮನೆಯಿಂದ ಸ್ವಂತ ಸಂಸ್ಕಾರವೇ ನಿಮ್ಮನ್ನು ಎಬ್ಬಿಸಿ ಕಳಿಸಿದೆ. ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ಪಕ್ಕದವಳು ಏನಾಯಿತು ಅಂದಳು. ಏನಿಲ್ಲ ಅಕ್ಕ, ಒಳ್ಳೇದಾಯಿತು ಅಂದೆ.

ಪಂಪ್ ರೂಮು ನೀವೇ ಇಟ್ಟುಕೊಳ್ಳಿ. ಮಳೆ ಬಂದರೆ ಅಲ್ಲಿ ಹೋಗಿ ಕೂತುಕೊಳ್ಳಬಹುದು, ಪರದೆಯೂ ಇರುತ್ತದೆ. ಊರೆಲ್ಲ ನೋಡುವ ಹಾಗೆ ಮಾನ ಕಳೆದು, ಲಕೋಟೆಯೊಳಗೆ ವಿಷಾದವಂತೆ! ನನಗೆ ಬೇಕಾದ್ದು ಬೋರ್ಡಿನ ಮೇಲೆ, ಹನ್ನೊಂದು ದಿನ. ನಿಮ್ಮ ಮನೆಯಲ್ಲಿ ಎಷ್ಟು ಜನ ಅತ್ತರೂ ಈ ಲೆಕ್ಕ ಬದಲಾಗುವುದಿಲ್ಲ.

ವೇಣಿ

~

ಯಂತ್ರೋದಯ ನಗರ
ಪತ್ರ ಸಂಖ್ಯೆ: 47/2024-25
22 ಆಗಸ್ಟ್ 2024

ಶ್ರೀಮತಿ ವೇಣಿ ಅವರಿಗೆ,

ತಮ್ಮ ಕಟುವಾದ ಪತ್ರದ ನಂತರವೂ ಅಜ್ಜಿಯವರನ್ನು ಕಳಿಸಿಕೊಟ್ಟಿರುವುದು ತಮ್ಮ ದೊಡ್ಡತನ. ಒಂದು ವಾರದಿಂದ ಮುನಿಯಕ್ಕ ದಿನವೂ ಬರುತ್ತಿದ್ದಾರೆ. ಮಗುವನ್ನು ಹೇಗೆ ಹಿಡಿಯಬೇಕು, ಹೇಗೆ ಎದೆಗೆ ಹಚ್ಚಬೇಕು ಎಂದು ತೋರಿಸಿಕೊಟ್ಟರಂತೆ. ಪ್ರಿಯಂವದಾ ನಿನ್ನೆ ನಕ್ಕಳು. ಸತ್ಯವತಿ ಹೋದ ಮೇಲೆ ಈ ಮನೆಯಲ್ಲಿ ಹರಳೆಣ್ಣೆಯ ವಾಸನೆ, ಸಾಂಬ್ರಾಣಿ ಹೊಗೆ ಇದೇ ಮೊದಲು.

ಮುನಿಯಕ್ಕ ಹಿತ್ತಲ ಬಾಗಿಲಿನಿಂದ ಬಂದು ಹಾಗೆಯೇ ಹೋಗುತ್ತಾರೆ. ಮುಂಬಾಗಿಲಿನಿಂದ ಬನ್ನಿ ಎಂದರೂ ಕೇಳುವುದಿಲ್ಲ. ಕಾರಣ ನನಗೆ ತಿಳಿಯಲಿಲ್ಲ.

ತಮಗೆ ಕೃತಜ್ಞ,
ಪಟ್ಟಾಭಿರಾಮ

~

ಚಿಕ್ಕಬಾಣಾವರ
25 ಆಗಸ್ಟ್ 2024

ಅಧ್ಯಕ್ಷರೇ,

ನಿಮ್ಮ ಕೃತಜ್ಞತೆಗೆ ಬೆಂಕಿ ಬೀಳಲಿ. ನಾನು ಯಾರನ್ನೂ ಕಳಿಸಿಲ್ಲ. ನಿಮ್ಮ ಪತ್ರ ಓದಿದ ಮೇಲೇ ನನಗೆ ಗೊತ್ತಾಗಿದ್ದು.

ಅಜ್ಜಿಯ ಮುಂದೆ ಪತ್ರ ಬಿಸಾಡಿ ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಊ ಕಣೆ, ಓಯ್ತಾ ಇವ್ನಿ. ಕೂಸೇನ್ ನೋಟೀಸು ಅಂಟ್ಸಿತ್ತಾ?" ಅಂದಳು. "ನನ್ನ ಮಾನ ಹೋಗಿದ್ದು ನಿನಗೇನೂ ಅಲ್ಲವಾ?" ಅಂದೆ. "ನಿನ್ನ ಸಿಟ್ಟು ನಿಂತಾವ್ಲೇ ಇರ್ಲಿ. ಅದುನ್ನ ಆ ಕೂಸಿನ್ ಬಾಯಿಗ್ಯಾಕ್ ಇಕ್ತೀಯ?" ಅಂದಳು. ಎಲ್ಲರೂ ದೊಡ್ಡವರು, ಎಲ್ಲರೂ ಒಳ್ಳೆಯವರು. ಬೋರ್ಡಿನ ಮೇಲೆ ಹನ್ನೊಂದು ದಿನ ನೇತಾಡಿದವಳು ನಾನೊಬ್ಬಳೇ.

ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಅಂದುಕೊಳ್ಳಬೇಡಿ.

ವೇಣಿ

~

ಚಿಕ್ಕಬಾಣಾವರ
4 ಸೆಪ್ಟೆಂಬರ್ 2024

ಅಧ್ಯಕ್ಷರೇ,

ಇವತ್ತು ಹೆಚ್ಚು ಬರೆಯುವುದಿಲ್ಲ. ನಿನ್ನೆ ನಿಮ್ಮ ಬೋರ್ಡಿನ ಮೇಲೆ ಹೊಸ ನೋಟೀಸು ಬಿದ್ದಿದೆ ಅಂತ ಕೇಳಿದೆ. ಅದೇ ಹೊಂಗೆ ಮರ, ಅದೇ ಬೆಂಚು, ಬೆನ್ನು ತಿರುಗಿಸಿ ಕೂತ ಒಬ್ಬ ಬಾಣಂತಿ, ಕೆಳಗೆ ನಿಮ್ಮ ಸಹಿ, ಸೀಲು. ಈ ಸಲವೂ ಮುಖ ಆ ಕಡೆ ತಿರುಗಿಸಿಕೊಂಡೇ ಸಹಿ ಹಾಕಿದಿರಾ?

ಒಂದು ಸಲ, ದಯವಿಟ್ಟು, ಆ ಫೋಟೋದ ಹತ್ತಿರ ಹೋಗಿ ನೋಡಿ. ತಲೆಗೆ ಕಟ್ಟಿದ ಹಸಿರು ಬಟ್ಟೆ ಯಾರ ಮನೆಯದು ಅಂತ ನೋಡಿ.

ವೇಣಿ

~

ಯಂತ್ರೋದಯ ನಗರ
9 ಸೆಪ್ಟೆಂಬರ್ 2024

ವೇಣಿ ಅವರೇ,

ನಿಮ್ಮ ಪತ್ರ ನನ್ನ ಕೈಸೇರಿದ್ದು ಆರನೇ ತಾರೀಖು. ಆದರೆ ಅದಕ್ಕಿಂತ ಮೊದಲೇ, ನಾಲ್ಕರ ಬೆಳಿಗ್ಗೆ, ಪ್ರಿಯಂವದಾ ಅದನ್ನು ನೋಡಿಬಿಟ್ಟಿದ್ದಳು.

ಮೂರು ದಿನಗಳಿಂದ ಮಧ್ಯಾಹ್ನ ಅರ್ಧ ಗಂಟೆ ಅವಳು ಹೊರಗೆ ಕೂರುತ್ತಿದ್ದಳಂತೆ. ಮುಚ್ಚಿದ ಕೋಣೆಯಲ್ಲಿ ಎಷ್ಟು ದಿನ ಇರುತ್ತೀಯ, ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾ ಎಂದು ಮುನಿಯಕ್ಕನೇ ಕರೆದೊಯ್ದಿದ್ದರು. ನಾನು ಆ ಹೊತ್ತಿನಲ್ಲಿ ಸಂಘದ ಕಚೇರಿಯಲ್ಲಿರುತ್ತೇನೆ. ನನಗೆ ಹೇಳಿರಲಿಲ್ಲ. ಹೇಳಿದರೆ ಬೇಡ ಎನ್ನುತ್ತೇನೆಂದು ಅವಳಿಗೆ ಗೊತ್ತಿತ್ತು.

ಮೂರನೇ ತಾರೀಖು ಸುಧೀಂದ್ರ ಬಂದು, "ಸಾರ್, ಮತ್ತೆ ಅದೇ ಕಂಪ್ಲೇಂಟು, ಯಾರೋ ಫೋಟೋ ಕಳ್ಸಿದಾರೆ" ಎಂದ. ಕಾಗದ ಮುಂದಿಟ್ಟ. ನಾನು ಮುಖ ತಿರುಗಿಸಿದೆ. ಸಹಿ ಹಾಕಿದೆ. ಸೀಲು ಒತ್ತಿದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಮೊಳೆಯನ್ನು ಸಹ ನಾನು ನೋಡದೆ ಮುಂದಕ್ಕೆ ಕಳಿಸಿದವನಲ್ಲ.

ಮರುದಿನ ಬೆಳಿಗ್ಗೆ ನಾನು ಪೇಪರು ತರಲು ಹೋದಾಗ ಅವಳು ಮಗುವನ್ನೆತ್ತಿಕೊಂಡು ಬೋರ್ಡಿನ ಮುಂದೆ ನಿಂತಿದ್ದಳು. ತಲೆಯ ಮೇಲೆ ಅದೇ ಹಸಿರು ಬಟ್ಟೆ. ಅವಳ ಅಮ್ಮನ ಹಳೆಯ ಸೀರೆ ಹರಿದು ಮಾಡಿದ್ದು ಅದು. ನನ್ನನ್ನು ನೋಡಿ, "ಅಪ್ಪಾ, ಇದಕ್ಕೆ ಸೈನ್ ಮಾಡಿರೋದು ನೀವೇನಾ?" ಎಂದಳು. "ನಾನು ನೋಡಲಿಲ್ಲ ಮಗಳೇ" ಎಂದೆ. "ಗೊತ್ತು ಬಿಡಿ. ನೀವು ನನ್ನ ಕಡೆ ನೋಡಿ ಒಂದೂವರೆ ತಿಂಗಳಾಯ್ತು" ಎಂದಳು. ಅಷ್ಟೇ ಮಾತು. ಮಧ್ಯಾಹ್ನ ಅಳಿಯ ಬಂದು ಕರೆದುಕೊಂಡು ಹೋದರು. ಈಗ ಫೋನು ತೆಗೆಯುತ್ತಿಲ್ಲ. ತೊಟ್ಟಿಲು ಇಲ್ಲೇ ಇದೆ.

ಆ ಚಿತ್ರ ಕಳಿಸಿದವರಾರೆಂದು ಸುಧೀಂದ್ರನಿಗೆ ಗೊತ್ತಿಲ್ಲ. ನಮ್ಮ ನಿವಾಸಿಗಳಲ್ಲೇ ಯಾರೋ ಇರಬೇಕು. ಕಳಿಸಿ ಎಂದು ನಂಬರು ಕೊಟ್ಟವನು ನಾನೇ ಅಲ್ಲವೇ? ನೀವು ಮಾತ್ರ ಅದು ನನ್ನ ಮಗಳೆಂದು ಗುರುತು ಹಿಡಿದು ನನಗೆ ಬರೆದಿರಿ. ಇಷ್ಟೆಲ್ಲ ಆದ ಮೇಲೂ ಎಚ್ಚರಿಸಬೇಕೆಂದು ನಿಮಗೆ ಅನ್ನಿಸಿತು. ಅದಕ್ಕೆ ನಾನು ಋಣಿ.

ಇವತ್ತು ಬೆಳಿಗ್ಗೆ ಬೋರ್ಡಿನ ಮೇಲೆ ನನ್ನ ಕೈಬರಹದಲ್ಲಿ ಒಂದು ಕಾಗದ ಹಚ್ಚಿದ್ದೇನೆ. ಮೊದಲು ನಿಮ್ಮ ಹೆಸರಿದೆ, ಆಮೇಲೆ ಪ್ರಿಯಂವದಾಳದು. "ನಾನು ನೋಡದೆ ಸಹಿ ಹಾಕಿದೆ. ಅಸಭ್ಯನಾಗಿ ನಡೆದುಕೊಂಡವನು ನಾನು. ಕ್ಷಮಿಸಬೇಕು." ಸೀಲು ಹಾಕಿಲ್ಲ. ಹನ್ನೊಂದು ದಿನ ಸಾಕೇ, ಇನ್ನೂ ಹೆಚ್ಚು ಬೇಕೇ, ನೀವೇ ತಿಳಿಸಿ.

ಪಟ್ಟಾಭಿರಾಮ

~

ಚಿಕ್ಕಬಾಣಾವರ
16 ಸೆಪ್ಟೆಂಬರ್ 2024

ಪಟ್ಟಾಭಿರಾಮ ಅವರೇ,

ನಿಮ್ಮ ಪತ್ರ ಬಂದು ಮೂರು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಫೋಟೋ ತೆಗೆದವಳು ನಾನು.

ಸೆಪ್ಟೆಂಬರ್ ಎರಡರಂದು, ಬಸ್ಸಿನಿಂದ ಬೆಂಚಿನ ಮೇಲೆ ಅಜ್ಜಿ ಕಂಡಳೆಂದು, ಮೂರು ತಿಂಗಳಾದ ಮೇಲೆ ಮೊದಲ ಸಲ ನಿಮ್ಮ ಸ್ಟಾಪಿನಲ್ಲಿ ಇಳಿದೆ. ಬೇಲಿಯ ಹಿಂದೆ ನಿಂತೆ. ಅಜ್ಜಿ ನನ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಮ್ಮ ಮಗಳ ಪಕ್ಕ ಕೂತಿದ್ದಳು. ನನ್ನನ್ನು ಎಬ್ಬಿಸಿದ ಬೆಂಚಿನ ಮೇಲೆ ನಿಮ್ಮ ಮಗಳು ಆರಾಮಾಗಿ ಹಾಲು ಕುಡಿಸುತ್ತಿದ್ದಳು. ಆಂಜಿನಪ್ಪ ಎಬ್ಬಿಸಲಿಲ್ಲ. ಹಿಂದಿನಿಂದ ಫೋಟೋ ತೆಗೆದೆ. ಪಕ್ಕದಲ್ಲಿದ್ದ ಅಜ್ಜಿಯನ್ನೂ ನನ್ನ ಮಗಳನ್ನೂ ಫೋಟೋದಿಂದ ಕತ್ತರಿಸಿ ಹಾಕಿದೆ. ನಿಮ್ಮ ನೋಟೀಸಿನಲ್ಲಿದ್ದ ನಂಬರಿಗೆ ಕಳಿಸಿದೆ. ನೀವು ನೋಡುವುದಿಲ್ಲ ಅಂತ ನನಗೆ ಗೊತ್ತಿತ್ತು. ನೀವೇ ಮೊದಲ ಪತ್ರದಲ್ಲಿ ಬರೆದಿದ್ದಿರಿ. ನೀವು ನೋಡದೆ ಸೀಲು ಹೊಡೆದಿರಿ. ನಾನು ನೋಡಿ, ಅಳತೆ ಮಾಡಿ, ಗೊತ್ತಿದ್ದೂ ಕಳಿಸಿದೆ. ಕೆಟ್ಟ ಪೀಸು ಯಾವುದು, ನೀವೇ ಹೇಳಿ.

ಆವತ್ತು ಸಂಜೆ ಎಷ್ಟು ಖುಷಿಯಾಗಿತ್ತು ಅಂದರೆ ಅಂಬರೀಶನಿಗೆ ಪಾಯಸ ಮಾಡಿ ಹಾಕಿದೆ. ಏನು ವಿಶೇಷ ಅಂದ. ಹೇಳಲಿಲ್ಲ. ನಿಮ್ಮ ಪತ್ರ ಬಂದ ದಿನ ಅಜ್ಜಿಗೆ ಓದಿ ಹೇಳಿದೆ. ಕತ್ತರಿಸಿದ್ದನ್ನೂ ಹೇಳಿದೆ. ಅವಳು ಎದ್ದು ಹೋಗಿ, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, "ತಗೊ, ಇನ್ ನೀನೇ ನೋಡ್ಕೊ" ಅಂದಳು. ಮಾರನೇ ದಿನ ಎಂದಿನ ಹಾಗೆ ಮಗುವನ್ನು ಸೊಂಟಕ್ಕೇರಿಸಿಕೊಂಡಳು, ಆದರೆ ನನ್ನ ಜೊತೆ ಮಾತಿಲ್ಲ.

ನಿನ್ನೆ ಭಾನುವಾರ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿದ್ದೆ. ವಿಳಾಸ ಅಜ್ಜಿಯ ಸೀರೆಯ ಗಂಟಿನಲ್ಲಿತ್ತು, ನಿಮ್ಮ ಮಗಳು ಹೊರಡುವಾಗ ಬರೆದುಕೊಟ್ಟಿದ್ದೆಂದು ಅಜ್ಜಿ ಮೊದಲೇ ಹೇಳಿದ್ದಳು. ಎರಡು ಬಸ್ಸು, ಒಂದು ಮೆಟ್ರೋ, ಒಂದು ಆಟೋ. ಬಾಗಿಲು ತೆಗೆದವಳು ಪ್ರಿಯಂವದಾ. ನಾನು ಇಂಥವಳು, ಇಂಥದ್ದು ಮಾಡಿದೆ ಅಂತ ಹೊಸಿಲಾಚೆ ನಿಂತೇ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಒಳಗೆ ಮಗು ಎದ್ದು ಅತ್ತಿತು. ಅವರು ಹೋಗಿ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂತು ಹಾಲು ಕುಡಿಸುವುದಕ್ಕೆ ಶುರು ಮಾಡಿದರು. ನಾನು ಮುಖ ಆ ಕಡೆ ತಿರುಗಿಸಿದೆ.

"ಬೆನ್ನ ಹಿಂದೆ ನಿಂತು ತೆಗೆದಿದ್ದಲ್ವಾ? ಈಗ ಎದುರಿಗೆ ಬಂದು ಕೂತ್ಕೊ" ಅಂದರು.

ಕೂತೆ. "ನೋಡು" ಅಂದರು. ನೋಡಿದೆ. ಮಗು ಕುಡಿದು ಮುಗಿಸುವವರೆಗೂ, ಅರ್ಧ ಗಂಟೆ, ಕಣ್ಣು ತೆಗೆಯದೆ ಕೂತಿದ್ದೆ. ಅಷ್ಟು ಉದ್ದದ ಅರ್ಧ ಗಂಟೆ ನಾನು ಯಾವ ಶಿಫ್ಟಿನಲ್ಲೂ ಕಂಡಿಲ್ಲ. ಆ ಮಗುವಿನ ಅಳು ಕೇಳಿದ್ದಕ್ಕೋ ಏನೋ, ನನಗೂ ಹಾಲಿಳಿದು ರವಿಕೆಯೆಲ್ಲ ತೊಯ್ದುಹೋಯಿತು. ಬ್ಯಾಗು ಬಾಗಿಲ ಹತ್ತಿರ ಬಿಟ್ಟಿದ್ದೆ, ಒತ್ತಿಕೊಳ್ಳಲು ಏನೂ ಇರಲಿಲ್ಲ. ಅವರು ನೋಡಿದರು. ಹೆಗಲ ಮೇಲಿದ್ದ ಮಗುವಿನ ಬಟ್ಟೆಯನ್ನು ನನ್ನ ಕಡೆಗೆ ಎಸೆದರು. ಕ್ಷಮಿಸಿದೆ ಅನ್ನಲಿಲ್ಲ. ಹೊರಡುವಾಗ, "ಎಷ್ಟು ತಿಂಗಳು ನಿನ್ನ ಮಗಳಿಗೆ?" ಅಂದರು. ಹತ್ತು ಅಂದೆ. "ಬಾಟ್ಲಿಗೆ ಹಾಕ್ಬಿಟ್ಯಾ?" ಅಂದರು. ಇಲ್ಲ ಅಂದೆ. "ಹಾಕ್ಬೇಡ" ಅಂದರು.

ಇವತ್ತು ಶಿಫ್ಟಿಗೆ ಹೋಗುವ ಮೊದಲು ನಿಮ್ಮ ಬೋರ್ಡಿನ ಹತ್ತಿರ ಬಂದಿದ್ದೆ. ನೀವು ಇನ್ನೂ ಎದ್ದಿರಲಿಲ್ಲ. ನಿಮ್ಮ ಕಾಗದದ ಪಕ್ಕ ನನ್ನದೂ ಒಂದು ಕೆಂಪು ಚೀಟಿ ತಂತಿಯಲ್ಲಿ ಕಟ್ಟಿದ್ದೇನೆ. ವಸ್ತು: ವೇಣಿ. ದೋಷ: ಗೊತ್ತಿದ್ದೂ ಮಾಡಿದಳು. ತೀರ್ಮಾನದ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ, ಪ್ರಿಯಂವದಾ ಬಂದು ತುಂಬಲಿ. ನಿಮ್ಮ ಕಾಗದ ಹನ್ನೊಂದು ದಿನಕ್ಕೆ ತೆಗೆಯಿರಿ, ಒಂದು ದಿನವೂ ಹೆಚ್ಚು ಬೇಡ. ನನ್ನ ಚೀಟಿ ಅವರು ಬರುವವರೆಗೂ ಇರಲಿ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಮಗಳಿಗೆ ಫೋನು ಮಾಡಿ ಮಾಡಿ ಕಾಯಬೇಡಿ. ತೊಟ್ಟಿಲು ಹೊರಿಸಿಕೊಂಡು ಅಲ್ಲಿಗೇ ಹೋಗಿ. ಅವರು ಮಗುವಿಗೆ ಹಾಲು ಕುಡಿಸುವಾಗ ಎದ್ದು ಹೊರಗೆ ಹೋಗಬೇಡಿ. ಎದುರಿಗೆ ಕೂತು ಹೇಗಿದ್ದೀಯ ಮಗಳೇ ಅಂತ ಕೇಳಿ.

ಮತ್ತೆ, ನಾಳೆಯಿಂದ ನಾನು ಎರಡೂ ಮುಕ್ಕಾಲಿಗೆ ನಿಮ್ಮ ಗೇಟಿನ ಮುಂದೆಯೇ ಬಸ್ಸಿಳಿಯುತ್ತೇನೆ. ಬೆಂಚು ಖಾಲಿ ಇರಲಿ.

ವೇಣಿ